ಎರಡು ಸ್ಪೀಕರಿಗೆ ಒಂದೇ ಕರಿ ವೈರು

ತಮಗೆ ತಿಳಿಯದ ಕೆಲಸವೊಂದು ಈ ಭೂಮಿಯ ಮೇಲಿದೆ ಎಂದು ನಮ್ಮವರ ಬಾಯಿಂದಲೇ ಕೇಳಿದ ದಿನ ಆ ಬಾಯಿಗೆ ಸಕ್ಕರೆ ಹಾಕಬೇಕೆಂದು ನಾನು ಮದುವೆಯಾದಾಗಿನಿಂದ ಕಾಯುತ್ತಿದ್ದೇನೆ. ನಮ್ಮವರೆಂದರೆ ಸಿದ್ದಲಿಂಗೇಶ, ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು. ಮೇಡ್ಲೇರಿಯಿಂದ ಕುಮಾರಪಟ್ಟಣದವರೆಗೆ ಹೊಳೆದಂಡೆಯ ಪಂಪ್‌ಸೆಟ್ ಸುಟ್ಟರೆ ಅವರ ಅಂಗಡಿಗೇ ಬರುತ್ತದೆ. ಮೋಟಾರನ್ನು ಬಿಚ್ಚುವ ಮೊದಲೇ, ವಾಸನೆಯ ಮೇಲೆ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಾರೆ. ಅದು ಖರೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮೋಟಾರು ಬಲ್ಲವನಿಗೆ ಮಿಕ್ಸರು, ಫ್ರಿಜ್ಜು, ಟಿವಿ, ಕೊನೆಗೆ ನನ್ನ ತಲೆನೋವಿನ ಮದ್ದು ಕೂಡ ಗೊತ್ತು ಎನ್ನುವ ಠೇಂಕಾರವಿದೆಯಲ್ಲ, ಅದು ನನಗೆ ಆಗಿಬರುವುದಿಲ್ಲ.

ಆ ಶನಿವಾರ ಅವರ ಕೈಗೆ ಸಿಕ್ಕಿದ್ದು ಹೈ-ಫೈ ಸೆಟ್. ಬೀಜದ ಕಂಪನಿಯ ಮ್ಯಾನೇಜರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟದ್ದು. ಸೊಂಟದೆತ್ತರದ ಎರಡು ಕಟ್ಟಿಗೆಯ ಸ್ಪೀಕರು, ಜೊತೆಗೊಂದು ಆಂಪ್ಲಿಫೈಯರ್, ಅದರ ಸಂಗಡ ಬಂದ ಒಂದು ಮಡಚಿದ ಕಾಗದ. ವೈರು ಮಾತ್ರ ಇರಲಿಲ್ಲ. ವೈರಿಗೇನು, ನಮ್ಮ ಮನೆಯಲ್ಲಿ ತಿನ್ನಲು ಕಾಳಿಲ್ಲದಿದ್ದರೂ ವೈರಿಗೆ ಬರವಿಲ್ಲ.

ಅವಸರಕ್ಕೆ ಕಾರಣವಿತ್ತು. ಮರುದಿನ ಹಾವೇರಿಯಲ್ಲಿ ಜಾನಪದ ಸಂಘದವರು ನಮ್ಮ ಅತ್ತೆ ಹೊನ್ನವ್ವನವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸಂಘ ನಡೆಸುವ ಪ್ರೇಮಕುಮಾರ ಸರ್ ಕಾಲೇಜಿನಲ್ಲಿ ಕಲಿಸುವವರು. ಅತ್ತೆಯ ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅಂದು ಮನೆಗೆ ಬರುವವರಿದ್ದರು. ಅತ್ತೆಯ ಎದುರಿಗೇ ಹಾಡು ಕೇಳಿ, ಒಂದೊಂದರ ಬಗ್ಗೆ ಅವರಿಂದ ವಿಷಯ ತಿಳಿದುಕೊಂಡು, ನಾಳೆ ಸಭೆಯಲ್ಲಿ ಯಾವುದನ್ನು ಹಾಕಬೇಕೆಂದು ಗೊತ್ತು ಮಾಡುವುದಿತ್ತು. ಅಂಥವರಿಗೆ ಅವ್ವನ ದನಿಯನ್ನು ಮೊಬೈಲಿನಲ್ಲಿ ಕೇಳಿಸುವುದೇ ಎಂದು ನಮ್ಮವರ ಮಾನಕ್ಕೆ ಕುಂದು ಬಂದಿತ್ತು.

ಪಡಸಾಲೆಯಲ್ಲಿ ಒಂದು ಸ್ಪೀಕರು ಬೀದಿ ಕಿಟಕಿಯ ಹತ್ತಿರ, ಇನ್ನೊಂದು ಅಡಿಗೆಮನೆ ಬಾಗಿಲ ಪಕ್ಕ ಬಂತು. ನಾನು ಕಾಗದ ಬಿಚ್ಚಿ ಓದಿದೆ. ಪ್ರತಿ ಸ್ಪೀಕರಿಗೂ ಒಂದು ಕೆಂಪು, ಒಂದು ಕಪ್ಪು ವೈರು. ಎರಡು ಜೋಡಿಯೂ ಬೇರೆ ಬೇರೆಯಾಗಿ ಆಂಪ್ಲಿಫೈಯರಿನವರೆಗೆ ಹೋಗಬೇಕು. ಎರಡು ಕಪ್ಪು ವೈರುಗಳನ್ನು ಕೂಡಿಸಲೇಬಾರದು. ಕೂಡಿಸಿದ ಚಿತ್ರ ಬರೆದು ಅದರ ಮೇಲೆ ಕಾಟು ಹೊಡೆದಿದ್ದರು. ಅಷ್ಟು ಸ್ಪಷ್ಟವಾಗಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರೆ ನಮ್ಮವರು ನಕ್ಕರು.

"ಕರೆಂಟು ಹೋಗೂದು ಬ್ಯಾರೆ ಬ್ಯಾರೆ, ತಿರುಗಿ ಬರೂದು ಒಂದ ದಾರಿಲೆ. ಇಡೀ ಮನಿಗೆ ನ್ಯೂಟ್ರಲ್ ಒಂದ ಐತಿ. ಇವೇನು ಮನಿಗಿಂತ ದೊಡ್ಡುವ?"

ಮೋಟಾರಿನವನ ವಿದ್ಯೆ ಅದು, ಅದನ್ನು ಬಿಟ್ಟು ಅವರು ಆಚೆ ಹೋಗಲಾರರು. ಎರಡು ಸ್ಪೀಕರಿಗೂ ಕೆಂಪು ವೈರು ಬೇರೆ ಬೇರೆ ಎಳೆದರು. ಎರಡರ ಕಪ್ಪನ್ನೂ ಒಂದಕ್ಕೊಂದು ಹೊಸೆದು, ಟೇಪ್ ಸುತ್ತಿ, ಅಲ್ಲಿಂದ ಒಂದೇ ಕಪ್ಪು ವೈರನ್ನು ಆಂಪ್ಲಿಫೈಯರಿಗೆ ತಂದರು. ಸ್ವಿಚ್ ಹಾಕಿದರೆ ಕೆಂಪು ದೀಪ ಪಿಳಿಪಿಳಿ ಎಂದು ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು. ಈಗಲಾದರೂ ಕಾಗದ ನೋಡಿ ಎಂದೆ. ನೋಡಲಿಲ್ಲ. ಆ ಒಂಟಿ ಕಪ್ಪು ವೈರನ್ನು ಆಂಪ್ಲಿಫೈಯರಿನಿಂದ ಕಿತ್ತರು. ದೀಪ ಹಸಿರಾಯಿತು, ಎರಡೂ ಸ್ಪೀಕರಿನಲ್ಲಿ ಸಣ್ಣಗೆ ಸರಸರ ಸಪ್ಪಳ ಬಂತು. ಕರಿ ವೈರೇ ಬೇಕಾಗಿಲ್ಲ, ಕಂಪನಿಯವರು ಸುಮ್ಮನೆ ವೈರು ಮಾರಲು ಬರೆದಿರುತ್ತಾರೆ ಎಂದು ಮೀಸೆ ತೀಡಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದುಕೊಂಡು ನಾನು ಚಹಾ ಇಡಲು ಒಳಗೆ ಹೋದೆ.

ಏನನ್ನಾದರೂ ಹಾಕಿ ನೋಡಬೇಕಿತ್ತು. ಆದರೆ ಹೊಸ ಪೆಟ್ಟಿಗೆಯಿಂದ ಮೊದಲು ಹೊರಡುವುದು ಅವ್ವನ ದನಿಯೇ ಆಗಬೇಕೆಂದು ನಮ್ಮವರು ಹಟ ಹಿಡಿದರು. ಆ ಹಟವನ್ನು ನಾನೂ ಬೇಡ ಎನ್ನಲಿಲ್ಲ.

ಯಾಕೆಂದರೆ ನಮ್ಮ ಕಡೆ ಸೋಬಾನ ಪದ ಎಂದರೆ ಹೊನ್ನವ್ವ. ಅರಿಷಿಣ ಹಚ್ಚುವಾಗ, ಸುರಗಿ ಸುತ್ತುವಾಗ, ಮದುಮಗಳನ್ನು ಕಳಿಸಿಕೊಡುವಾಗ ಅತ್ತೆ ಚಾಪೆಯ ಮೇಲೆ ಕುಳಿತು ದನಿ ಎತ್ತಿದರೆ ಹಂದರವೆಲ್ಲ ಸುಮ್ಮನಾಗುತ್ತಿತ್ತು. ಸೋಬಾನದಲ್ಲಿ ಒಬ್ಬರು ಮುಂದೆ ಹಾಡುತ್ತಾರೆ, ಅವರು ಮುಮ್ಮೇಳ. ಅವರು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ, ಅವರು ಹಿಮ್ಮೇಳ. ಹಿಮ್ಮೇಳಕ್ಕೆ ಗಂಟಲಿದ್ದರೆ ಸಾಕು, ಮುಮ್ಮೇಳದವಳಿಗೆ ಪದ ಬರಬೇಕು. ಅತ್ತೆಗೆ ಎಷ್ಟು ಪದ ಬರುತ್ತಿದ್ದವೋ ಆ ದೇವರಿಗೇ ಗೊತ್ತು. ಯಾರಿಂದ ಕಲಿತಿರಿ ಎಂದರೆ ಮುಗುಳ್ನಗುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಶಾಬುದ್ದೀನ ಎಂಬುವರು ತಮ್ಮ ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆಯನ್ನು ಕೂರಿಸಿ ಹಾಡಿಸಿ ಕ್ಯಾಸೆಟ್ ಮಾಡಿದ ಮೇಲಂತೂ, ಅತ್ತೆ ಹೋಗದ ಮದುವೆಗಳಲ್ಲೂ ಕಂಬಕ್ಕೆ ಕಟ್ಟಿದ ಭೋಂಗಾದಲ್ಲಿ ಅತ್ತೆಯೇ ಹಾಡುತ್ತಿದ್ದರು. ಮಾವ ಅಜ್ಜಪ್ಪನವರು ತೀರಿಕೊಂಡ ಮೇಲೆ ಮದುವೆಯ ಹಂದರಕ್ಕೆ ಹೋಗುವುದನ್ನು ಬಿಟ್ಟರು. ಗಂಡ ಇಲ್ಲದವಳ ಬಾಯಲ್ಲಿ ಸೋಬಾನ ಬರಬಾರದು ಎಂಬುದು ನಮ್ಮವರ ರೀತಿ. ಯಾರಾದರೂ ಕೇಳಿದರೆ ಅತ್ತೆ, ಗಂಟಲು ಹೋಗಿದೆ ಎಂದು ಹೇಳಿ ಮುಗಿಸುತ್ತಿದ್ದರು.

ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಗುತ್ತೆವ್ವ. ಮಾವನ ತಮ್ಮನ ಹೆಂಡತಿ, ನಮ್ಮವರಿಗೆ ಚಿಗವ್ವ, ನನಗೆ ಸಣ್ಣತ್ತೆ. ಮೇಡ್ಲೇರಿಯ ಹೆಣ್ಣುಮಗಳು. ಮದುವೆಯಾದ ಮರುವರ್ಷವೇ ಗಂಡನಿಗೆ ಗದ್ದೆಯಲ್ಲಿ ಹಾವು ಕಡಿಯಿತು. ಮಕ್ಕಳಿರಲಿಲ್ಲ. ತವರಿಗೆ ಹೋಗದೆ ಇದೇ ಮನೆಯಲ್ಲಿ ಉಳಿದು ನಮ್ಮವರನ್ನು ಎತ್ತಿ ಆಡಿಸಿದವರು. ಮದುವೆ ಮನೆಗೆ ಹೋದರೆ ಅವರ ಜಾಗ ಅಡಿಗೆಮನೆ. ಅಕ್ಕಿ ಆರಿಸುವುದು, ಹೂರಣ ರುಬ್ಬುವುದು. ಅವರು ಮಾತಾಡುವುದೇ ಕಡಿಮೆ. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ಕಾಲವಾದರೂ ಅವರು ಒಂದು ಹಾಡು ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಅಂದು ಅಡಿಗೆಮನೆಯಲ್ಲಿ ವರ್ಷದ ಖಾರಕ್ಕೆಂದು ನನ್ನ ತವರಿನಿಂದ ಬಂದ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದರು.

ಪ್ರೇಮಕುಮಾರ ಸರ್ ಬಂದರು, ಚಹಾ ಆಯಿತು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಕುರ್ಚಿಯ ಮೇಲೆ ಕುಳಿತಿದ್ದರು. ನಾಳೆಯ ಶಾಲು ಇವತ್ತೇ ಹೊದ್ದವರಂತೆ ಮುಖದಲ್ಲಿ ಕಳೆ ಇತ್ತು. ನಮ್ಮವರು ಪೆನ್‌ಡ್ರೈವ್ ಚುಚ್ಚಿ ದನಿ ಏರಿಸಿದರು.

ಮೊದಲು "ಸೋ" ಎಂಬ ಹಿಮ್ಮೇಳ ಕೋಣೆ ತುಂಬ ಬಂತು. ಎಷ್ಟು ಜೋರಾಗಿ ಬಂತೆಂದರೆ ಸರ್ ಕೈಯಲ್ಲಿದ್ದ ಕಪ್ಪು ತುಳುಕಿತು. ಇನ್ನು ಅತ್ತೆಯ ದನಿ ಏಳಬೇಕು. ಏಳಲಿಲ್ಲ. ಅವರು ಹಾಡಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಕಿವಿಗೊಟ್ಟು ಕೇಳಿದರೆ ಹಾಳುಬಾವಿಯ ತಳದಲ್ಲಿ ಯಾರೋ ನರಳಿದ ಹಾಗೆ ಒಂದು ನೆರಳು ದನಿ. ಮರುಕ್ಷಣ ಹಿಮ್ಮೇಳದ ಹೆಂಗಸರು ಯಾರೂ ಹಾಡದ ಸಾಲನ್ನು ತಿರುಗಿ ಹಾಡಿದರು. ಮತ್ತೆ ಖಾಲಿ. ಮತ್ತೆ ಹೆಂಗಸರು.

ಹಾಡೂ ಇದೆ, ಹೆಂಗಸರೂ ಇದ್ದಾರೆ, ನಡುವಿನ ಹೊನ್ನವ್ವನನ್ನು ಮಾತ್ರ ಯಾರೋ ಕೈಯಿಟ್ಟು ತೆಗೆದುಬಿಟ್ಟಿದ್ದರು. ನಮ್ಮವರ ಮುಖ ಹುಳ್ಳಗಾಯಿತು. ಕ್ಯಾಸೆಟ್ಟು ಕೆಟ್ಟಿತೇ, ನಾಳೆ ಸಭೆಗೆ ಏನು ಗತಿ ಎಂದು ಪ್ರೇಮಕುಮಾರ ಸರ್ ಗಡಬಡಿಸಿ ತಮ್ಮ ಫೋನಿನಲ್ಲಿದ್ದ ಅದೇ ಹಾಡನ್ನು ಹಚ್ಚಿದರು. ಫೋನಿನಲ್ಲಿ ಅತ್ತೆ ಗಟ್ಟಿಯಾಗಿ, ಸ್ಪಷ್ಟವಾಗಿ ಇದ್ದರು. ಮತ್ತೆ ಸ್ಪೀಕರಿಗೆ ಹಾಕಿದರೆ ಇಲ್ಲ. ಅತ್ತೆ ಎರಡೂ ಕೈಯಿಂದ ಕುರ್ಚಿಯ ಹಿಡಿಕೆ ಹಿಡಿದುಕೊಂಡಿದ್ದರು.

"ನಾ ಸತ್ತ ಮ್ಯಾಲ ಮನಿ ಹಿಂಗ ಇರತೈತೇನ?" ಎಂದರು.

ನನಗೆ ಕಾಗದದ ನೆನಪಾಯಿತು. ಕೊನೆಯಲ್ಲಿ, ಹೀಗಾದರೆ ಕಾರಣ ಹೀಗೆ ಎಂದು ಬರೆದ ಭಾಗದಲ್ಲಿ ಇತ್ತು: ಕಪ್ಪು ವೈರು ಆಂಪ್ಲಿಫೈಯರಿಗೆ ಮುಟ್ಟದೆ ಸ್ಪೀಕರುಗಳ ನಡುವೆ ಮಾತ್ರ ಕೂಡಿಕೊಂಡಿದ್ದರೆ ಹಾಡುಗಾರರ ದನಿ ಮಾಯವಾಗುತ್ತದೆ. ಗಟ್ಟಿಯಾಗಿ ಓದಿದೆ, ಈ ಸಲ ನಮ್ಮವರು ನಗಲಿಲ್ಲ. ಪ್ರೇಮಕುಮಾರ ಸರ್ ತಲೆಯಾಡಿಸಿದರು. ಶಾಬುದ್ದೀನರು ಅವರಿಗೆ ಹೇಳಿದ್ದರಂತೆ: ಅತ್ತೆಯ ಮುಂದೆ ಒಂದು ಮೈಕು, ಆ ದನಿ ಎರಡೂ ಕಡೆಗೆ ಸಮ, ಹಿಮ್ಮೇಳಕ್ಕೆ ಬೇರೆ ಮೈಕು, ಅದು ಒಂದೇ ಕಡೆಗೆ. ಎರಡೂ ಕಡೆ ಸಮನಾಗಿದ್ದದ್ದು ಈ ವೈರಿನ ಗೊಂದಲದಲ್ಲಿ ಒಂದನ್ನೊಂದು ತಿಂದುಹಾಕಿದೆ, ಒಂದೇ ಕಡೆ ಇದ್ದದ್ದು ಉಳಿದಿದೆ. ಭೋಂಗಾದಲ್ಲಾಗಲಿ ಫೋನಿನಲ್ಲಾಗಲಿ ಎಲ್ಲ ಕಲಸಿ ಒಂದಾಗಿ ಬರುವುದರಿಂದ ಹೀಗಾಗುವ ಪ್ರಶ್ನೆಯೇ ಇರಲಿಲ್ಲ. ಅಷ್ಟು ಕೇಳಿ ಎಲ್ಲರಿಗೂ ಉಸಿರು ಬಂತು. ನಮ್ಮವರು ಬೇಗ ಸರಿ ಮಾಡುತ್ತೇನೆಂದು ಪಕ್ಕಡ ಹಿಡಿದು ಬಗ್ಗಿದರು. ಹಾಡು ತನ್ನ ಪಾಡಿಗೆ ನಡೆದೇ ಇತ್ತು.

"ತಡೀರಿ," ಎಂದರು ಪ್ರೇಮಕುಮಾರ ಸರ್. "ಅಲ್ಲಿ ಇನ್ನೊಬ್ಬರು ಅದಾರ."

ಎಲ್ಲರೂ ಕಿವಿಗೊಟ್ಟೆವು. ಹಿಮ್ಮೇಳದ ಹೆಂಗಸರು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ, ಮೈಕಿಗೆ ಬಹಳ ಹತ್ತಿರದಲ್ಲಿ, ತಗ್ಗಿದ ದನಿಯಲ್ಲಿ ಒಬ್ಬಳು ಹಾಡುತ್ತಿದ್ದಳು. ಪಿಸುಮಾತಲ್ಲ, ಹಾಡು. ರಾಗ ಒಂದಿಷ್ಟೂ ಅಲುಗಾಡದ ಹಾಡು.

ತುಂಗಭದ್ರಿಯ ನೀರ ತಂಬೀಗಿ ತುಂಬೀನಿ

ಅವಳು ಹೇಳಿ ಮುಗಿಸಿದ ಮೇಲೆ ಬಾವಿಯ ತಳದ ನೆರಳು ಅದೇ ಸಾಲನ್ನು ಹೇಳಿತು. ಆಮೇಲೆ ಹೆಂಗಸರು ಹೇಳಿದರು. ಮತ್ತೆ ಅವಳು:

ಅಂಗಳಕ ಬಂದ ಅಳಿಯಾಗ, ನನ ಮಗಳು
ಕಂಗಳಲೆ ಪಾದ ತೊಳೆದಾಳ

ಮತ್ತೆ ಅದೇ ಕ್ರಮ. ಮೊದಲು ಅವಳು, ಆಮೇಲೆ ಅತ್ತೆಯ ನೆರಳು, ಆಮೇಲೆ ಹೆಂಗಸರು. ಒಂದು ಸಾಲು ತಪ್ಪಲಿಲ್ಲ. ಒಂದು ಮುಗಿದು ಇನ್ನೊಂದು ಪದ ಶುರುವಾಯಿತು, ಅದಕ್ಕೂ ಮೊದಲ ಸಾಲು ಅವಳದೇ. ಊರೆಲ್ಲ ಕೇಳಿದ ಕ್ಯಾಸೆಟ್ಟಿನೊಳಗೆ, ಅತ್ತೆಯ ಎಳೆದ ರಾಗದ ಅಡಿಗೆ ಮುಚ್ಚಿಹೋಗಿ, ಊರಲ್ಲಿ ಯಾರೂ ಕೇಳದ ಒಬ್ಬಳು ಕುಳಿತಿದ್ದಳು.

ದನಿಯ ಗುರುತು ಹಿಡಿದವರು ನಮ್ಮವರು. ಬಗ್ಗಿದವರು ಹಾಗೇ ನೆಲಕ್ಕೆ ಕುಳಿತುಬಿಟ್ಟರು. "ಇದು ನನ್ನ ತೊಟ್ಟಿಲಾ ತೂಗಿದ ದನಿ," ಎಂದರು. "ಚಿಗವ್ವಂದು."

ನಾನು ಅಡಿಗೆಮನೆಯ ಕಡೆ ನೋಡಿದೆ. ಸಣ್ಣತ್ತೆಯ ಕೈ ನಿಂತಿತ್ತು. ಮುರಿಯದ ಮೆಣಸಿನಕಾಯಿ ಕೈಯಲ್ಲಿ ಹಾಗೇ ಇತ್ತು. ಅವರು ನಮ್ಮ ಯಾರನ್ನೂ ನೋಡುತ್ತಿರಲಿಲ್ಲ, ಬಾಗಿಲ ಪಕ್ಕದ ಸ್ಪೀಕರನ್ನು ನೋಡುತ್ತಿದ್ದರು. ತಮ್ಮ ದನಿಯನ್ನು ಹೊರಗಿನಿಂದ ಅವರು ಕೇಳುತ್ತಿದ್ದದ್ದು ಅದೇ ಮೊದಲು.

ಅತ್ತೆ ಮಾತಿಗೆ ಮುಂದಾದರು. ಹಿಂದೆ ಕುಳಿತವರು ಒಂದೊಂದು ಮಾತು ಎತ್ತಿಕೊಡುವುದು ಎಲ್ಲ ಕಡೆ ಇದ್ದದ್ದೇ, ಅಂದು ಸ್ಟುಡಿಯೋದಲ್ಲಿ ಹೆದರಿಕೆಯಾಗಿತ್ತು, ಗುತ್ತೆವ್ವ ನೆನಪು ಮಾಡಿಕೊಡುತ್ತಿದ್ದಳು ಅಷ್ಟೇ ಎಂದರು. ಪ್ರೇಮಕುಮಾರ ಸರ್ ಹೂಂ ಎಂದರು. ಆದರೆ ಅವರ ಮುಖ ಹೂಂ ಎನ್ನಲಿಲ್ಲ. ನನಗೋ ತಲೆಯಲ್ಲಿ ಒಂದೊಂದೇ ಮದುವೆ ತೆರೆದುಕೊಳ್ಳತೊಡಗಿತು. ಯಾವ ಮದುವೆ ಮನೆಗೆ ಹೋದರೂ ಅತ್ತೆ ತಮ್ಮ ಚಾಪೆ ಹಾಸಿಸುತ್ತಿದ್ದದ್ದು ಅಡಿಗೆಮನೆಯ ಬಾಗಿಲಿಗೆ ಬೆನ್ನು ಹತ್ತಿಸಿ. ದೊಡ್ಡವರ ಮನೆಯಲ್ಲಿ ಹಂದರದ ನಡುವೆ ಗಾದಿ ಹಾಕಿ ಕರೆದರೂ ಏಳುತ್ತಿರಲಿಲ್ಲ, ಬೆನ್ನಿಗೆ ಗೋಡೆ ಬೇಕು ಎನ್ನುತ್ತಿದ್ದರು. ಬ್ಯಾಡಗಿಯಲ್ಲಿ ನನ್ನ ಮದುವೆಯಾದಾಗಲೂ ಹಾಗೇ. ಎಂಥ ಸರಳ ಮನಸ್ಸಿನವರು, ಮುಂದೆ ಬಂದು ಮೆರೆಯುವ ಆಸೆಯಿಲ್ಲ ಎಂದು ನಮ್ಮವ್ವ ಹೊಗಳಿದ್ದಳು. ಬಾಗಿಲ ಹಿಂದೆ ಒಲೆಯ ಮುಂದೆ ಯಾರು ಕುಳಿತಿದ್ದರು ಎಂದು ನಾವ್ಯಾರೂ ನೋಡಿರಲಿಲ್ಲ.

ಸ್ಪೀಕರಿನಲ್ಲಿ ಪದ ಮುಗಿಯಲು ಬಂತು. ಹೆಂಗಸರೆಲ್ಲ ಕೂಡಿ "ಸೋ ಎನ್ನಿರೆ, ಸೋಬಾನ ಎನ್ನಿರೆ" ಎಂದು ಉದ್ದಕ್ಕೆ ಎಳೆದರು. ಆ ಎಳೆತದ ಅಡಿಯಲ್ಲಿ ಆ ದನಿ ಇನ್ನೂ ನಿಂತಿರಲಿಲ್ಲ. ಬೇರೆ ಏನನ್ನೋ ಹಾಡುತ್ತಿತ್ತು. ಅದನ್ನು ಅತ್ತೆಯ ನೆರಳು ತಿರುಗಿ ಹೇಳಲಿಲ್ಲ, ಹೆಂಗಸರೂ ಹೇಳಲಿಲ್ಲ. "ಬಳಿಯಿಲ್ಲದ" ಎಂಬ ಒಂದು ಮಾತು ಕೇಳಿತು. ಅಷ್ಟರಲ್ಲಿ ಸಣ್ಣತ್ತೆ ಎದ್ದು ಬಂದು ಸ್ಪೀಕರಿನ ಹಿಂದಿನ ವೈರನ್ನು ಕಿತ್ತು ಹಾಕಿದರು. ಎರಡೂ ಒಟ್ಟಿಗೇ ಬಂದ್ ಆದವು.

"ಸಾಕು," ಎಂದರು.

ನನಗೆ ಸುಮ್ಮನಿರುವ ಚಟ ಇಲ್ಲವಲ್ಲ. ಸಿಟ್ಟು ನೆತ್ತಿಗೇರಿತ್ತು. ಇಷ್ಟು ವರ್ಷ ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಹಂದರದಲ್ಲಿ. ಪದ ಒಬ್ಬರದು, ಹೆಸರು ಒಬ್ಬರದು. ನಾಳೆ ಶಾಲು ಯಾರ ಹೆಗಲಿಗೆ ಬೀಳಬೇಕು ಹೇಳಿ ಎಂದು ಕೇಳಿಯೇಬಿಟ್ಟೆ. ಪ್ರೇಮಕುಮಾರ ಸರ್ ಕನ್ನಡಕ ತೆಗೆದು ಒರೆಸಿದರು. ಸತ್ಯ ಹೇಳಲೇಬೇಕು, ಆದರೆ ಹೇಗೆ ಹೇಳುವುದು ಎಂದು ಮೆಲ್ಲಗೆ ಅಂದರು. ಈ ಪದಗಳನ್ನು ಹಾಡಿ ಮದುವೆಯಾದ ಮನೆಗಳು ಸುತ್ತ ನೂರಾರು ಇವೆ, ಅವರೆಲ್ಲ ನಾಳೆ ಸಭೆಯಲ್ಲಿ ಇರುತ್ತಾರೆ, ಅವರಿಗೆ ಏನನ್ನಿಸೀತೋ ಎಂದು ಮಾತನ್ನು ಅಲ್ಲಿಗೇ ಬಿಟ್ಟರು.

ಬಿಟ್ಟ ಮಾತನ್ನು ಅತ್ತೆ ಎತ್ತಿಕೊಂಡರು. ಗಂಡ ಸತ್ತವಳ ಬಾಯಿಂದ ಮಗಳಿಗೆ ಸೋಬಾನ ಹೇಳಿಸಿದಿರಿ ಎಂದು ಮಂದಿ ಬಾಗಿಲಿಗೆ ಬಂದು ನಿಂತಾರು. ಯಾರ ಮಗಳ ಸಂಸಾರ ಮುರಿಯಿತು, ಯಾರ ಅಳಿಯ ಸತ್ತ, ಎಲ್ಲವೂ ಇನ್ನು ಗುತ್ತೆವ್ವನ ತಲೆಗೇ ಬಂತು. ಆಕೆಯ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ನೆನಪು ಮಾಡಿಕೊಡುತ್ತಿದ್ದಳು ಎಂದಷ್ಟೇ ಹೇಳಿ ಬಿಟ್ಟುಬಿಡೋಣ ಎಂದರು. ಆ ಮಾತಿನಲ್ಲಿ ಅಂಜಿಕೆಯೂ ಇತ್ತು, ಖರೆಯೂ ಇತ್ತು.

ಸಣ್ಣತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ನಾ ನೆನಪ ಮಾಡಿಕೊಡತಿರಲಿಲ್ಲ, ಯಕ್ಕಾ. ನಾ ಹಾಡತಿದ್ದೆ. ನೀ ನನ್ನ ಹಿಂದ ಅಂತಿದ್ದಿ."

ಅತ್ತೆಯ ಮುಖಕ್ಕೆ ಯಾರೋ ಹೊಡೆದಂತಾಯಿತು. ನನಗೂ ಅಷ್ಟೇ. ಸುತ್ತಲ ಹಳ್ಳಿಗೆಲ್ಲ ಮುಮ್ಮೇಳ ಎನಿಸಿಕೊಂಡ ಹೊನ್ನವ್ವ ಒಂದು ದಿನವೂ ಮುಮ್ಮೇಳ ಆಗಿರಲಿಲ್ಲ. ಮುಮ್ಮೇಳ ಗೋಡೆಯ ಆಚೆ ಇತ್ತು. ಹಂದರದಲ್ಲಿ ಕುಳಿತವರೆಲ್ಲ, ಅತ್ತೆ ಸಹಿತ, ಹಿಮ್ಮೇಳವೇ. ಇಷ್ಟು ದೊಡ್ಡ ಮಾತನ್ನು ಸಣ್ಣತ್ತೆ ಉಪ್ಪು ಕೊಡು ಎನ್ನುವಷ್ಟು ಸಮಾಧಾನದಿಂದ ಹೇಳಿದ್ದರು. ಅಷ್ಟೇ ಸಮಾಧಾನದಿಂದ ಉಳಿದದ್ದನ್ನೂ ಹೇಳಿದರು: ಪದಗಳೆಲ್ಲ ಮೇಡ್ಲೇರಿಯ ತಮ್ಮ ಅವ್ವನವು, ಕೆಲವು ತಾವೇ ಕಟ್ಟಿದವು. ಗಂಡ ಹೋದ ಮೇಲೆ ಹಾಡದಿದ್ದರೆ ಎದೆ ಒಡೆದೀತು ಅನ್ನಿಸುತ್ತಿತ್ತು. ಅಕ್ಕನ ಗಂಟಲು ಚೆನ್ನಾಗಿತ್ತು, ಅಕ್ಕನ ಬಾಯಿಂದಾದರೂ ಹೊರಗೆ ಬರಲಿ ಎಂದುಕೊಂಡರು. ಇಬ್ಬರೂ ಒಪ್ಪಿಯೇ ಮಾಡಿದ್ದು, ಯಾರೂ ಕದ್ದದ್ದಲ್ಲ ಎಂದರು.

ಕದ್ದದ್ದಲ್ಲ ಎಂದು ಕೇಳಿ ಅತ್ತೆಗೆ ಅಳು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ.

ಪ್ರೇಮಕುಮಾರ ಸರ್ ಕಡೆಯ ನುಡಿಯ ಬಗ್ಗೆ ಸಣ್ಣತ್ತೆಯನ್ನು ಕೇಳಿದರು. ಯಾರೂ ತಿರುಗಿ ಹೇಳದ ಆ ನುಡಿ ಯಾವುದು, ವೈರು ಹಚ್ಚಿದರೆ ಇನ್ನೊಮ್ಮೆ ಕೇಳಬಹುದೇ ಎಂದರು. ಉತ್ತರ ಅತ್ತೆಯಿಂದ ಬಂತು, ಕಣ್ಣು ಒರೆಸಿಕೊಳ್ಳುತ್ತ, ನೆಲ ನೋಡುತ್ತ.

"ಅದು ಅಕಿದ ಸ್ವಂತದ್ದು. ಎಲ್ಲಾ ಮದುವ್ಯಾಗೂ ಕಡೀಗೆ ಅದನ್ನ ಅಂತಿದ್ಲು, ನಾ ತಿರುಗಿ ಅಂತೇನೇನೋ ಅಂತ ಹಾದಿ ನೋಡತಿದ್ಲು. ನಾ ಬಾಯಿ ಬಿಡತಿರಲಿಲ್ಲ. ಆಗ ನನ್ನ ಕೈಯಾಗ ಬಳಿ ಇದ್ವು. ಅಂದ್ರ ನನಗ ತಗಲತೈತಿ ಅಂತ ಅಂಜತಿದ್ದೆ." ತಮ್ಮ ಬರಿಗೈ ನೋಡಿಕೊಂಡು ಹೇಳಿದರು, "ಅನ್ನಲಿಲ್ಲ. ಆದ್ರೂ ತಗಲಿತು."

ನಮ್ಮವರು ಎದ್ದು ವೈರು ಹಿಡಿದುಕೊಂಡು ಸಣ್ಣತ್ತೆಯ ಮುಖ ನೋಡಿದರು. ಹಚ್ಚಲೋ ಬೇಡವೋ ಎಂದು ಅವರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡದ್ದು ಅಂದೇ.

"ಡಬ್ಬಿ ಯಾಕ?" ಎಂದರು ಸಣ್ಣತ್ತೆ. "ನಾ ಇಲ್ಲೇ ಅದೀನಲ್ಲ."

ಬಂದು ಪಡಸಾಲೆಯ ನಡುವೆ ನೆಲದ ಮೇಲೆ ಕುಳಿತರು. ಕಾಲು ಮಡಿಚಿ, ಸೆರಗು ಹೊದ್ದು, ಬೀದಿಯ ಬಾಗಿಲಿಗೆ ಮುಖ ಮಾಡಿ. ಆ ಬಾಗಿಲು ತೆರೆದೇ ಇತ್ತು, ಹೊರಗೆ ಆಟೋಗಳು ಓಡಾಡುತ್ತಿದ್ದವು. ನಾನು ಕದ ಮುಂದೆ ಮಾಡಲು ಹೋದರೆ ಕೈಯಿಂದಲೇ ಬೇಡ ಎಂದರು. ಆಮೇಲೆ ದನಿ ಎತ್ತಿದರು. ತಗ್ಗಿದ ದನಿಯಲ್ಲ. ವಯಸ್ಸಾದ, ತುದಿಗೆ ಒರಟಾದ, ಆದರೆ ಪೂರ್ತಿ ಬಿಟ್ಟ ದನಿ. ಆ ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ನನಗೆ ನಂಬಲಾಗಲಿಲ್ಲ.

ಬಳಿಯಿಲ್ಲದ ಕೈಯೊಂದು ಬಾಗಿಲ ಮರಿಗೈತಿ
ಒಳಗಿಂದ ನಿನ್ನ ಹರಸೈತಿ, ಎಲೆ ಮಗಳ
ಹೊಳಿಯಾಗಿ ಹರೀಲಿ ನಿನ ಬಾಳು

ಹಾಡಿ ನಿಲ್ಲಿಸಿದರು. ಸೋಬಾನದಲ್ಲಿ ಹಿಮ್ಮೇಳ ತಿರುಗಿ ಹೇಳದೆ ಮುಮ್ಮೇಳ ಮುಂದೆ ಹೋಗುವಂತಿಲ್ಲ, ಪದವನ್ನು ಅರ್ಧಕ್ಕೆ ಬಿಡುವಂತೆಯೂ ಇಲ್ಲ. ಅವರು ಕಾಯುತ್ತಿದ್ದರು. ನನ್ನ ಮದುವೆಯಲ್ಲೂ ಇದನ್ನೇ ಹಾಡಿ ಹೀಗೇ ಕಾದಿದ್ದರು, ಅದು ನನಗಾಗಿಯೇ ಹೇಳಿದ್ದು ಎಂದು ಆಗ ತಿಳಿಯಿತು. ನಾನೇ ತಿರುಗಿ ಹೇಳಬೇಕು ಎಂದು ಬಾಯಿ ತೆರೆದೆ. ಆಗಲಿಲ್ಲ. ಅಷ್ಟು ಹೊತ್ತು ನ್ಯಾಯ ಮಾತಾಡಿದ ನಾನು ಮೊದಲ ಮಾತಿಗೇ ನಿಂತೆ, ಕಣ್ಣು ತಾನಾಗಿ ನನ್ನ ಕೈಯ ಹಸಿರು ಬಳೆಯ ಕಡೆ ಹೋಯಿತು, ಅಲ್ಲಿಂದ ವೈರು ಹಿಡಿದು ನಿಂತ ನಮ್ಮವರ ಕಡೆ. ನನ್ನೊಳಗೂ ಅದೇ ಅಂಜಿಕೆ ಕುಳಿತಿತ್ತು. ನನಗೆ ನನ್ನ ಮೇಲೇ ಹೇಸಿಕೆಯಾಯಿತು.

ಅತ್ತೆ ಕುರ್ಚಿಯಿಂದ ಇಳಿದರು. ಮೊಣಕಾಲು ನೋವಿದ್ದವರು ಗೋಡೆ ಹಿಡಿದು ಇಳಿದು ಸಣ್ಣತ್ತೆಯ ಹಿಂದೆ, ಒಂದು ಮೊಳ ಸರಿದು, ಹಿಮ್ಮೇಳದವರು ಕೂಡುವ ಜಾಗದಲ್ಲಿ ಕುಳಿತರು. ಗಂಟಲು ಹೋಗಿದೆ ಎಂದು ಹೇಳುತ್ತಿದ್ದವರ ಗಂಟಲು ಎಲ್ಲಿಗೂ ಹೋಗಿರಲಿಲ್ಲ. "ಬಳಿಯಿಲ್ಲದ ಕೈಯೊಂದು" ಎಂದು ಶುರು ಮಾಡಿದರು, ನಡುವೆ ಒಮ್ಮೆ ನಿಂತರು, ಉಸಿರು ತೆಗೆದುಕೊಂಡು ಮತ್ತೆ ಮುಂದುವರಿಸಿದರು. ಸಣ್ಣತ್ತೆ ತಿರುಗಿ ನೋಡಲಿಲ್ಲ. ಎರಡನೆಯ ಸಾಲಿಗೆ ನಾನೂ ಹೋಗಿ ಅತ್ತೆಯ ಮಗ್ಗುಲಿಗೆ ಕುಳಿತೆ, ಬಳೆ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ದನಿ ಕೂಡಿಸಿದೆ. ನಮ್ಮವರು ತಡೆಯಲಿಲ್ಲ.

ಬಾಗಿಲಲ್ಲಿ ಪಕ್ಕದ ಮನೆಯವರು, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಏನು ಹಾಡು, ಯಾರು ಮುಂದೆ, ಯಾರು ಹಿಂದೆ, ಅವರಿಗೆಲ್ಲ ಕಾಣುತ್ತಿತ್ತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವುದರಲ್ಲಿ ಸಂಶಯವಿರಲಿಲ್ಲ. ಪದ ಮುಗಿದ ಮೇಲೆ ಪ್ರೇಮಕುಮಾರ ಸರ್ ಹಾಗಾದರೆ ನಾಳೆ ಸಭೆಯಲ್ಲಿ ಯಾರ ಹೆಸರು ಕರೆಯಲಿ ಎಂದು ಕೇಳಿದರು. ಕೇಳಿದ್ದು ಅತ್ತೆಯನ್ನು. ಹೇಳಿದವರು ಸಣ್ಣತ್ತೆ.

"ಹೆಸರು ಯಾರದಾರ ಕರೀರಿ. ಮುಮ್ಮೇಳದ ಮೈಕು ನನಗ ಇಡ್ರಿ."

ಅತ್ತೆ ಬೇಡ ಎನ್ನಲಿಲ್ಲ.